ಗೇರು ನೆಡಲು ಕಾಡು ಕಡಿದ ಮೇಲೆ

ಮಂಗನ ಕಾಯಿಲೆ ಎಂದರೆ ಸಾಗರ, ಸೊರಬ, ತೀರ್ಥಹಳ್ಳಿಗಳೇ ನೆನಪಿಗೆ ಬರುತ್ತವೆ. ಆದರೆ ಈ ಕಾಯಿಲೆ ತನ್ನ ಅತಿ ಕ್ರೂರ ಮುಖ ತೋರಿಸಿದ್ದು ಘಟ್ಟದ ಕೆಳಗೆ, ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ, ಪಟ್ರಮೆ ಆಸುಪಾಸಿನಲ್ಲಿ. 1982ರ ಕೊನೆಗೆ ಕಾಣಿಸಿಕೊಂಡ ಜ್ವರ ಮುಂದಿನ ಬೇಸಿಗೆಯ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಜನರನ್ನು ಮಲಗಿಸಿತು. ಸತ್ತವರು ನೂರಕ್ಕೂ ಮಿಕ್ಕಿ.

ಅದಕ್ಕೂ ಕಾಲು ಶತಮಾನ ಹಿಂದೆ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಅದೇ ಕಾಡಿಗೆ ಹೋಗಿ ಬಂದವರಿಗೆ ಜ್ವರ. ಮೊದಲು ಹುಟ್ಟಿದ ಭಯ ಹಳದಿ ಜ್ವರದ್ದು. ಆಫ್ರಿಕಾ, ದಕ್ಷಿಣ ಅಮೆರಿಕದ ಆ ಪಿಡುಗು ಭಾರತಕ್ಕೆ ಕಾಲಿಟ್ಟಿತೇ ಎಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಸಿಕ್ಕಿದ್ದು ಬೇರೆಯೇ ವೈರಸ್, ರಷ್ಯಾದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಮಿದುಳು ಜ್ವರದ ಬಂಧು. ಅಷ್ಟು ದೂರದ ಬಂಧು ಇಲ್ಲಿಗೆ ಬಂದದ್ದು ಹೇಗೆ? ವಲಸೆ ಹಕ್ಕಿಗಳು ಹೊತ್ತು ತಂದವೇ ಎಂಬ ಗುಮಾನಿಯಿಂದ ಪಕ್ಷಿತಜ್ಞ ಸಲೀಂ ಅಲಿಯವರ ತಂಡ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸಕ್ಕೂ ಇಳಿಯಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಲಾಭವಾದದ್ದು ನಮ್ಮ ಪಕ್ಷಿಶಾಸ್ತ್ರಕ್ಕೆ.

ಮುಂದಿನ ಹದಿನೈದು ವರ್ಷ ಕಾಯಿಲೆ ಸೊರಬ, ಸಾಗರಗಳ ಸುತ್ತಲೇ ಗಿರಕಿ ಹೊಡೆಯಿತು. ಎಪ್ಪತ್ತರ ದಶಕದಲ್ಲಿ ಉತ್ತರ ಕನ್ನಡದಲ್ಲಿ ಕಾಣಿಸಿತು. ಆಮೇಲೆ ಬೆಳ್ತಂಗಡಿ.

ಆ ಹೊತ್ತಿಗೆ ಕರಾವಳಿಯಲ್ಲಿ ಗೇರುಬೀಜಕ್ಕೆ ಒಳ್ಳೆಯ ಕಾಲ. ಗುಡ್ಡ ಸುಮ್ಮನೆ ಬಿದ್ದಿದೆ, ಗೇರು ಹಾಕಿದರೆ ಡಾಲರು ಬರುತ್ತದೆ ಎನ್ನುವುದು ಸರ್ಕಾರದ ಲೆಕ್ಕ. ನಿಡ್ಲೆಯ ಕಡೆ ನೂರಾರು ಎಕರೆ ದಟ್ಟ ಕಾಡನ್ನು ಗೇರಿಗಾಗಿ ಬೋಳಿಸಿದರು. ಕಡಿಯಲು ಬಂದ ಕೂಲಿಯಾಳುಗಳು, ಸೌದೆ ಸೊಪ್ಪಿಗೆ ಹೋದ ಸುತ್ತಲಿನ ಹಳ್ಳಿಯವರು ಜ್ವರ ಹಿಡಿದು ಮಲಗಿದರು. ವೈರಸ್ ಸೊರಬದಿಂದ ನಡೆದು ಬಂದಿತೋ, ಮೊದಲೇ ಈ ಕಾಡಿನ ಇಲಿ, ಮೂಗಿಲಿ, ಉಣ್ಣೆಗಳ ನಡುವೆ ತಣ್ಣಗೆ ಬದುಕಿತ್ತೋ? ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ನಂಬಿಕೆಗೆ ಅರ್ಹ. ಏಕೆಂದರೆ ಕಾಯಿಲೆ ಸದ್ದೇ ಮಾಡದ ದೂರದ ಕಛ್, ಸೌರಾಷ್ಟ್ರದ ಜನರ ರಕ್ತದಲ್ಲೂ ಇದರ ವಿರುದ್ಧದ ಪ್ರತಿಕಾಯಗಳು ಸಿಕ್ಕಿದ್ದವು.

ಈ ವೈರಸ್‌ನ ಕೆಲಸ ನಡೆಯುವುದು ನೆಲದ ತರಗೆಲೆಯಲ್ಲಿ. ನವೆಂಬರಿನಿಂದ ಮೇ ತನಕ ಉಣ್ಣೆಯ ಮರಿಗಳದ್ದೇ ಕಾರುಬಾರು. ಎಳ್ಳಿಗಿಂತ ಸಣ್ಣ ಜೀವ, ಮೈಮೇಲೆ ಹರಿದರೂ ತಿಳಿಯದು. ಹಟ್ಟಿಗೆ ಸೊಪ್ಪು ತರುವವರು ಹೊರೆ ಕಟ್ಟಿ ತಲೆಯ ಮೇಲಿಟ್ಟುಕೊಂಡರೆಂದರೆ ಅದು ಕುತ್ತಿಗೆಗೆ, ಕಂಕುಳಿಗೆ ದಾರಿ ಕಂಡುಕೊಂಡಿತೆಂದೇ ಲೆಕ್ಕ. ಸೋಂಕು ತಗುಲಿದ ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣ್ಣೆಗಳೆಲ್ಲ ಇಳಿದು ಹೊಸ ರಕ್ತಕ್ಕೆ ಕಾಯುತ್ತವೆ. ಹಾಗಾಗಿ ಮಂಗನ ಹೆಣವಿದ್ದ ಜಾಗವೇ ಅತ್ಯಂತ ಅಪಾಯದ ಜಾಗ. ದನಗಳಿಗೆ ಈ ಕಾಯಿಲೆಯ ಬಾಧೆಯಿಲ್ಲ. ಆದರೆ ಬಲಿತ ಉಣ್ಣೆಗೆ ಹೊಟ್ಟೆ ತುಂಬಿಸುವುದು ಅವೇ. ಕಾಡು ಕಡಿದ ಅಂಚಿನಲ್ಲಿ ದನ ಮೇಯತೊಡಗಿದರೆ ಉಣ್ಣೆಯ ಸಂತತಿ ಬೆಳೆಯುತ್ತದೆ.

ಊರಿನವರು ಈ ಕಾಯಿಲೆಯನ್ನು ತಮ್ಮದೇ ರೀತಿಯಲ್ಲಿ ಓದಿದರು. ದೈವಗಳ ನೆಲೆಯನ್ನು ಕೆಡಿಸಿದ್ದರ ಮುನಿಸು ಇದು ಎಂದರು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕೆಲಸ ಮಾಡಿದ್ದ ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಅಭಿವೃದ್ಧಿಯ ಕಾಯಿಲೆ ಎಂದೇ ಕರೆದರು. ದೈವದ ಮಾತೂ ಪ್ರಬಂಧದ ಮಾತೂ ಬೊಟ್ಟು ಮಾಡಿದ್ದು ಒಂದೇ ಕೊಡಲಿಯ ಕಡೆಗೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಇದೇ ಸೀಮೆಯ ಗೇರುತೋಟಗಳ ಮೇಲೆ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಹೆಲಿಕಾಪ್ಟರಿನಿಂದ ವರ್ಷ ವರ್ಷ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ಕೊಕ್ಕಡ, ಪಟ್ರಮೆ, ನಿಡ್ಲೆಗಳ ಮನೆಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯದ ಮಕ್ಕಳ ಸಂಖ್ಯೆ ಕಣ್ಣಿಗೆ ರಾಚತೊಡಗಿತು. ಕಾರಣದ ಬಗ್ಗೆ ತಜ್ಞರು ಎಷ್ಟೇ ಜಗ್ಗಾಡಲಿ, 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಾದ್ಯಂತ ನಿಲ್ಲಿಸಿತು. ಸಂತ್ರಸ್ತರಿಗೆ ಸರ್ಕಾರ ಮಾಸಾಶನ ಕೊಡುತ್ತಿದೆ, ಕೊಕ್ಕಡದಲ್ಲಿ ಪಾಲನಾ ಕೇಂದ್ರವಿದೆ. ಒಂದೇ ಬೆಳೆಯ ಹೆಸರಿನಲ್ಲಿ ಒಂದೇ ಸೀಮೆಗೆ ಎರಡು ಪೆಟ್ಟು. ಗೇರಿನ ಲಾಭದ ಪಟ್ಟಿಯಲ್ಲಿ ಈ ಖರ್ಚನ್ನು ಯಾರೂ ಬರೆದಿಲ್ಲ.

ಮದ್ದಿನ ವಿಷಯಕ್ಕೆ ಬಂದರೆ, ಮಂಗನ ಕಾಯಿಲೆಗೆ ನೇರವಾದ ಔಷಧಿ ಇಂದಿಗೂ ಇಲ್ಲ. ದಿಢೀರ್ ಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಕಾಲುಗಳ ವಿಪರೀತ ಸೆಳೆತ, ಕೆಂಗಣ್ಣು. ಕೆಲವರಿಗೆ ಮೂಗು, ವಸಡಿನಿಂದ ರಕ್ತ. ಜ್ವರ ಬಿಟ್ಟು ವಾರದ ಮೇಲೆ ಮತ್ತೆ ಮರಳಿ ಮಿದುಳಿಗೆ ಹತ್ತುವುದೂ ಉಂಟು. ನೂರಕ್ಕೆ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ನೀರಿನಂಶ ಕಾಯುವುದು, ರಕ್ತಸ್ರಾವದ ಮೇಲೆ ಕಣ್ಣಿಡುವುದು, ಇಷ್ಟೇ ಚಿಕಿತ್ಸೆ. ಮನುಷ್ಯರಿಂದ ಮನುಷ್ಯರಿಗೆ ಹರಡದು ಎನ್ನುವುದೊಂದೇ ಸಮಾಧಾನ.

1990ರಿಂದ ಹಾಕುತ್ತಿದ್ದ ಲಸಿಕೆಯೂ ಪೂರ್ತಿ ಕಾಪಾಡುತ್ತಿರಲಿಲ್ಲ. 2005ರಿಂದ 2010ರ ವರೆಗಿನ ಅಧ್ಯಯನದ ಪ್ರಕಾರ ಎರಡು ಡೋಸಿಗೆ ಶೇ 62, ಬೂಸ್ಟರ್ ಸೇರಿದರೆ ಶೇ 83ರಷ್ಟು ರಕ್ಷಣೆ. ಸತ್ವ ಕುಂದಿದ ಕಾರಣ ಅದೂ ಈಗ ನಿಂತಿದೆ; ಹೊಸದನ್ನು ರೂಪಿಸುವ ಕೆಲಸ ನಡೆದಿದೆ. ಸಾಗರದ ಅರಳಗೋಡಿನಲ್ಲಿ 2019ರಲ್ಲಿ ಅದು ಮತ್ತೆ ಎದ್ದದ್ದರಲ್ಲಿ ಕಂಡಂತೆ, ಕಾಯಿಲೆ ಹಳೆಯ ಪುಸ್ತಕ ಸೇರಿಲ್ಲ. ಗೋವಾದ ಸತ್ತರಿ ತಾಲ್ಲೂಕಿನಲ್ಲಿ ಇದು ಹಿಡಿದದ್ದು ಗೇರುಹಣ್ಣು ಹೆಕ್ಕಲು ಹೋದವರನ್ನು.

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯವರಿಗೆ ಮಳೆಗಾಲದ ಜ್ವರಗಳು ಚೆನ್ನಾಗಿ ಗೊತ್ತು: ಡೆಂಗಿ, ಮಲೇರಿಯಾ, ಗದ್ದೆ ತೋಟದ ನೀರಿನಿಂದ ಬರುವ ಇಲಿಜ್ವರ. ಒಣ ತಿಂಗಳ ಜ್ವರ ಹಾಗೆ ನೆನಪಿಗೆ ಬರುವುದಿಲ್ಲ. ಆದ್ದರಿಂದ ನವೆಂಬರಿನಿಂದ ಮೇ ನಡುವೆ ಗುಡ್ಡೆಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಉಣ್ಣೆ ಕಚ್ಚದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೋ ಅರಣ್ಯ ಇಲಾಖೆಗೋ ತಿಳಿಸಿ. ಜ್ವರ ಬಂದರೆ, ಡಾಕ್ಟರು ಕೇಳದಿದ್ದರೂ ಸರಿ, ಗುಡ್ಡೆಗೆ ಹೋಗಿದ್ದೆ ಎಂದು ನೀವಾಗಿಯೇ ಹೇಳಿ.