ಸರಸ್ವತೀ ಭಂಡಾರಿಗರ ನಾಡಿನಲ್ಲಿ ಕಪ್ಪು ಲೇಖಕರು

ಚಿತ್ತಾಪುರದ ನೆರೆಯಲ್ಲಿರುವ ನಾಗಾವಿಯ ಹಳೆಯ ಕಂಬಗಳ ನಡುವೆ ನಿಂತಾಗಲೆಲ್ಲ, ಅಲ್ಲಿಯ 1058ರ ಶಾಸನವು ವರ್ಣಿಸುವ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದ ವೈಭವಕ್ಕಿಂತ, ಅದೇ ಶಾಸನದೊಳಗಿನ ಒಂದು ಸಣ್ಣ ವಿವರವೇ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿದೆ. ವೇದವನ್ನೋದುವ 200 ಮಂದಿ, ಶಾಸ್ತ್ರವನ್ನೋದುವ 50 ಮಂದಿ ವಿದ್ಯಾರ್ಥಿಗಳ ಹಾಗೂ ಅವರ ಉಪಾಧ್ಯಾಯರ ಜೊತೆಯಲ್ಲಿ, 6 ಮಂದಿ ‘ಸರಸ್ವತೀ ಭಂಡಾರಿಗ’ರ, ಎಂದರೆ ಗ್ರಂಥಪಾಲಕರ, ಪೋಷಣೆಗೂ ಅಲ್ಲಿ ವ್ಯವಸ್ಥೆಯಿದ್ದಿತು. ಗ್ರಂಥವನ್ನು ಕಾಪಾಡುವುದೂ, ಯಾರ ಕೈಗೆ ಯಾವ ಗ್ರಂಥವನ್ನು ಇಡಬೇಕೆಂಬುದನ್ನು ಬಲ್ಲವನಾಗುವುದೂ ಒಂದು ವಿದ್ಯೆಯೆಂದು ನಮ್ಮ ಸೀಮೆಯವರು ಅಂದೇ ತಿಳಿದಿದ್ದರೆಂದು ನಾನು ಭಾವಿಸುತ್ತೇನೆ.

ಆದರೆ ಆ ಭಂಡಾರದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಒಡನೆಯೇ ಹೇಳದಿದ್ದರೆ ಅಪಚಾರವಾದೀತು. ವೇದಾಧ್ಯಯನಕ್ಕೆಂದು ಕಟ್ಟಿದ ಶಾಲೆಯ ಹೊಸ್ತಿಲನ್ನು ಊರ ಹೊರಗಿನ ಕೇರಿಯ ಮಗುವು ತುಳಿಯುವಂತಿರಲಿಲ್ಲ. ಅಂಥದೇ ಬಾಗಿಲು ಸಮುದ್ರದಾಚೆಯೂ ಮುಚ್ಚಿತ್ತು: ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ, ದಕ್ಷಿಣದ ಹಲವು ಸಂಸ್ಥಾನಗಳು ಗುಲಾಮರಿಗೆ ಅಕ್ಷರ ಕಲಿಸುವುದನ್ನೇ ಕಾನೂನಿನ ಮೂಲಕ ಅಪರಾಧವನ್ನಾಗಿಸಿದ್ದವು. ಗುಲಾಮನಾಗಿದ್ದಾಗ ಕದ್ದುಮುಚ್ಚಿ ಓದು ಕಲಿತ ಫ್ರೆಡರಿಕ್ ಡಗ್ಲಾಸನು 1845ರಲ್ಲಿ ತನ್ನ ಜೀವನವೃತ್ತಾಂತವನ್ನು ಪ್ರಕಟಿಸಿದಾಗ, ಆ ಪುಸ್ತಕದ ಒಂದೊಂದು ವಾಕ್ಯವೂ ಮುಚ್ಚಿದ ಬಾಗಿಲಿಗೆ ಕೊಟ್ಟ ಪೆಟ್ಟಾಗಿದ್ದಿತು. ಜಾತಿಯೂ ವರ್ಣಭೇದವೂ ಒಂದೇ ಅಲ್ಲ. ಅವುಗಳ ಹುಟ್ಟು ಬೇರೆ, ಬೆಳೆದ ಬಗೆ ಬೇರೆ. ಆದರೂ ಎರಡರ ಸಂಬಂಧವನ್ನು ಕಂಡವರು ಉಂಟು. ಜ್ಯೋತಿಬಾ ಫುಲೆಯವರು 1873ರ ತಮ್ಮ ‘ಗುಲಾಮಗಿರಿ’ಯನ್ನು, ಗುಲಾಮರ ಬಿಡುಗಡೆಗಾಗಿ ಹೋರಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಡಾ. ಅಂಬೇಡ್ಕರರು 1946ರಲ್ಲಿ ಕಪ್ಪು ಜನಾಂಗದ ಮಹಾವಿದ್ವಾಂಸ ಡು ಬೋಯ್ಸರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಅಮೆರಿಕದ ಕಪ್ಪು ಜನರು ಸಲ್ಲಿಸುತ್ತಿದ್ದ ಮನವಿಯ ಪ್ರತಿಯನ್ನು ಕೇಳಿದರು. ಡು ಬೋಯ್ಸರು ಅದೇ ವರ್ಷ ಸ್ನೇಹಪೂರ್ವಕವಾಗಿ ಉತ್ತರಿಸಿದರು.

ಇಷ್ಟಾಗಿಯೂ, ವಾಡಿಯಲ್ಲೋ ಶಹಾಬಾದಿನಲ್ಲೋ ಓದುವ ಹಂಬಲವುಳ್ಳ ತರುಣನೊಬ್ಬನು, ‘ಕಪ್ಪು ಲೇಖಕರ ಪುಸ್ತಕ ಓದಬೇಕ್ರಿ, ಯಾವುದರಿಂದ ಸುರು ಮಾಡ್ಲಿ?’ ಎಂದು ಕೇಳಿದರೆ, ನಾನು ಮೊದಲು ಆಫ್ರಿಕದ ಕಡೆಗೂ ಅಮೆರಿಕದ ಕಡೆಗೂ ಕೈ ತೋರಿಸಲಾರೆ. ಪರಸಿಯ ಖಣಿಗಳ ಆ ಸೀಮೆಯಲ್ಲಿಯೇ, ಚಿತ್ತಾಪುರದ ಕಡೆಯ ಶಂಕರವಾಡಿಯಿಂದ ಬಂದ ಚೆನ್ನಣ್ಣ ವಾಲೀಕಾರರು ತಮ್ಮ ಒಂದು ಕವನಸಂಕಲನಕ್ಕೆ ‘ಕರಿತೆಲಿ ಮಾನವನ ಜೀಪದ’ ಎಂದು ಹೆಸರಿಟ್ಟರು. ತಲೆ ಎನ್ನದೆ ತೆಲಿ ಎಂದದ್ದರಲ್ಲಿಯೇ ಒಂದು ನಿರ್ಧಾರವಿದೆ: ಶಿಷ್ಟರ ನುಡಿಯ ಅನುಮತಿಗಾಗಿ ಕಾಯದೆ, ತನ್ನ ಕೇರಿಯ ಮಾತಿನಲ್ಲಿಯೇ ಲೋಕಕ್ಕೆ ತನ್ನನ್ನು ಹೇಳಿಕೊಳ್ಳುವ ನಿರ್ಧಾರ. 2019ರಲ್ಲಿ ತೀರಿಕೊಂಡ ಆ ಕವಿಯನ್ನು ಮೊದಲು ಓದಿದವನಿಗೆ, ಕೀನ್ಯಾದ ಗೂಗಿ ವಾ ಥಿಯಾಂಗೊ ಅಪರಿಚಿತನಾಗಿ ತೋರಲಾರನು. 1977ರ ಕಡೆಯಲ್ಲಿ ಸೆರೆಗೆ ಬಿದ್ದ ಆತನು, ಇಂಗ್ಲಿಷನ್ನು ತೊರೆದು ತಾಯ್ನುಡಿಯಾದ ಗಿಕುಯುವಿನಲ್ಲಿ, ಸೆರೆಮನೆಯ ಶೌಚದ ಕಾಗದದ ಮೇಲೆಯೇ ಕಾದಂಬರಿಯೊಂದನ್ನು ಬರೆದನು. ಭಾಷೆ ಮತ್ತು ದಾಸ್ಯವನ್ನು ಕುರಿತ ಆತನ ಚಿಂತನೆಯ ಪುಸ್ತಕವನ್ನು ರಹಮತ್ ತರೀಕೆರೆಯವರು ಕನ್ನಡಕ್ಕೆ ತಂದಿದ್ದಾರೆ. ನಿಜಾಮರ ಕಾಲದಲ್ಲಿ ಶಾಲೆಯಲ್ಲಿ ಉರ್ದು ಕಲಿತು ಮನೆಯಲ್ಲಿ ಕನ್ನಡವಾಡಿದ ಹಿರಿಯರ ಮಕ್ಕಳು ಮೊಮ್ಮಕ್ಕಳು ಆ ಪುಸ್ತಕವನ್ನು ಓದುವ ರೀತಿಯೇ ಬೇರೆ.

ಪುಸ್ತಕವನ್ನು ಸೂಚಿಸುವವನು ಎರಡನ್ನು ಜೋಡಿಯಾಗಿ ಕೊಡಬೇಕೆಂಬುದು ನನ್ನ ಪಕ್ಷ: ಒಂದು ನಮ್ಮದು, ಒಂದು ಅವರದು. ದೂರದ ಹೆಸರುಗಳ ಪಟ್ಟಿಯೊಂದನ್ನು ಕೈಗಿತ್ತರೆ ಓದುವವನು ಬೆದರಿಯಾನು. ತನ್ನೂರಿನ ಪುಸ್ತಕದ ಪಕ್ಕದಲ್ಲಿ ಅದನ್ನಿಟ್ಟರೆ, ನೆಂಟನ ಜೊತೆಯಲ್ಲಿ ಬಂದ ಅತಿಥಿಯಂತೆ ಅದೂ ಒಳಗೆ ಬರುತ್ತದೆ.

ನೈಜೀರಿಯಾದ ಚಿನುವಾ ಅಚಿಬೆಯ 1958ರ ಕಾದಂಬರಿಯು ಸಿ. ನಾಗಣ್ಣನವರ ಅನುವಾದದಲ್ಲಿ ‘ಭಂಗ’ ಎಂಬ ಹೆಸರಿನಿಂದ ಕನ್ನಡದಲ್ಲಿದೆ. ಇದನ್ನು ಸೇಡಂ ಕಡೆಯವರಿಗೆ ಕೊಡುವಾಗ, ಅದೇ ತಾಲೂಕಿನ ಮಳಖೇಡದ ಮಾತನ್ನು ನಾನು ತೆಗೆಯದಿರಲಾರೆ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ನೃಪತುಂಗನ ಆಸ್ಥಾನದಲ್ಲಿದ್ದು ‘ಕವಿರಾಜಮಾರ್ಗ’ವನ್ನು ರಚಿಸಿದ ಶ್ರೀವಿಜಯನು, ಓದನ್ನೇ ಕಾಣದ ಜನರೂ ಕಾವ್ಯದಲ್ಲಿ ನಿಪುಣರೆಂದು ಮನಸಾರೆ ಒಪ್ಪಿದ್ದನಷ್ಟೆ. ಅಚಿಬೆಯ ಉಮುವೋಫಿಯದ ಹಿರಿಯರು ಅಂಥ ಜನ. ನ್ಯಾಯ ಹೇಳುವಾಗಲೂ ಸಾಲ ಕೇಳುವಾಗಲೂ ಅವರ ಬಾಯಲ್ಲಿ ಮೊದಲು ಬರುವುದು ಗಾದೆ. ತೊಗರಿಯ ಹೊಲದ ಬದುವಿನ ಮೇಲೆ ಕುಳಿತು ಗಾದೆಯಿಂದಲೇ ಮಾತು ತೆಗೆಯುವ ಮುತ್ಯಾನನ್ನು ಬಲ್ಲವರಿಗೆ ಈ ಹಿರಿಯರ ಸಭೆಗಳನ್ನು ವಿವರಿಸಬೇಕಾದುದಿಲ್ಲ. ಇನ್ನೊಂದು ಮಾತು. ಬಿಳಿಯರು ಬಂದು ಊರು ಒಡೆಯುವ ಕಥೆಯೆಂದು ಇದನ್ನು ಪರಿಚಯಿಸುವುದು ವಾಡಿಕೆ. ಆದರೆ ಅವರು ಬರುವುದಕ್ಕೆ ಮುಂಚೆ, ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ, ಕುಸ್ತಿಯಿದೆ, ಗೆಣಸಿನ ಸುಗ್ಗಿಯಿದೆ, ಮದುವೆಯಿದೆ, ಮಕ್ಕಳಿಗೆ ಹೇಳುವ ಕಥೆಯಿದೆ, ಆ ಸಮಾಜದ್ದೇ ಆದ ಕ್ರೌರ್ಯವೂ ಇದೆ. ಕಪ್ಪು ಲೇಖಕರನ್ನು ಅವರ ದುಃಖಕ್ಕಾಗಿ ಮಾತ್ರ ಓದಿರೆಂದು ಹೇಳುವುದು ಅವರಿಗೆ ಮಾಡುವ ಅನ್ಯಾಯ. ದಲಿತ ಲೇಖಕರ ವಿಷಯದಲ್ಲಿ ಆ ಅನ್ಯಾಯವನ್ನು ನಾವು ಬೇಕಾದಷ್ಟು ಮಾಡಿದ್ದೇವೆ.

ಅಲೆಕ್ಸ್ ಹೇಲಿಯ 1976ರ ‘ರೂಟ್ಸ್’ ನಮ್ಮ ಭಾಗಕ್ಕೆ ನೆರೆಯ ತೆಲುಗಿನ ದಾರಿಯಿಂದಲೂ ಬಂದಿದೆ. ಸೇಡಂನಿಂದ ತಾಂಡೂರಿನ ಗಾಡಿ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಕಿವಿಗೆ ಬೀಳತೊಡಗುವ ಆ ಭಾಷೆಯಲ್ಲಿ ಅದು ‘ಏಡು ತರಾಲು’. ಬಂಜಗೆರೆ ಜಯಪ್ರಕಾಶರ ಕನ್ನಡದಲ್ಲಿ ‘ತಲೆಮಾರು’. ಹೇಲಿಯು ಹೇಳುವ ವಂಶಾವಳಿಯನ್ನು ವಿದ್ವಾಂಸರು ಪ್ರಶ್ನಿಸಿರುವುದರಿಂದ, ಚರಿತ್ರೆಯೆಂದಲ್ಲ, ಕಾದಂಬರಿಯೆಂದು ಓದುವುದು ಲೇಸು. ಈ ಜೋಡಿಗೆ ನಮ್ಮ ಕಡೆಯಿಂದ ಸೇರಿಸತಕ್ಕದ್ದು ಪುಸ್ತಕವಲ್ಲ, ಒಂದು ಸ್ಥಳ: ಹೈದರಾಬಾದಿಗೆ ಹೋದವರೆಲ್ಲ ಕೇಳಿರುವ ಎ.ಸಿ. ಗಾರ್ಡ್ಸ್ ಎಂಬ ಬಡಾವಣೆಯ ಹೆಸರು, ನಿಜಾಮರ ಆಫ್ರಿಕನ್ ಅಶ್ವದಳದಿಂದ ಬಂದದ್ದು. ಹೇಲಿಯ ಕಾದಂಬರಿಯ ಮೂಲಪುರುಷ ಕುಂಟಾ ಕಿಂಟೆಯ ಖಂಡದವರು ನಮ್ಮನ್ನಾಳಿದ ದೊರೆಯ ಬಾಗಿಲಲ್ಲಿಯೇ ನಿಂತಿದ್ದರು.

ಚಿಂಚೋಳಿಗೆ ರೈಲಿಲ್ಲ, ಅಲ್ಲಿಗೆ ಪುಸ್ತಕವು ಬಸ್ಸಿನಲ್ಲಿ, ಯಾರದಾದರೂ ಕೈಚೀಲದಲ್ಲಿಯೇ ಹೋಗಬೇಕು. ಅಲ್ಲಿಯ ಕಾಲೇಜಿನಲ್ಲಿ ಓದುವ ಹುಡುಗಿಗೆ ಕಳುಹಿಸಲು ನಾನು ಆರಿಸಿಕೊಳ್ಳುವ ಜೋಡಿಯಲ್ಲಿ ಮೊದಲನೆಯದು, ಕಲಬುರಗಿಯ ಗೀತಾ ನಾಗಭೂಷಣರ ‘ಬದುಕು’, 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದದ್ದು. ಎರಡನೆಯದು ಟೋನಿ ಮಾರಿಸನ್ ಅವರ 1987ರ ‘ಬಿಲವೆಡ್’, ಮಗಳು ಮತ್ತೆ ಗುಲಾಮಳಾಗಬಾರದೆಂದು ಆಕೆಯನ್ನು ಕೊಂದ ತಾಯಿಯೊಬ್ಬಳ ನಿಜಸಂಗತಿಯಿಂದ ಹುಟ್ಟಿದ್ದು. ಎರಡನೆಯದು ಕಠಿಣವಾದ ಪುಸ್ತಕ. ಮೊದಲನೆಯದನ್ನು ಓದಿ ಮುಗಿಸಿ ಆಕೆ ಏನೆಂದಳೆಂಬುದನ್ನು ಕೇಳಿಕೊಂಡು, ಆಮೇಲೆ ಬಸ್ಸಿಗೆ ಹಾಕಬೇಕು.