ಕತ್ತಲಲ್ಲಿ ಹೇಳುವ ಕಥೆಗಳು: ಒಂದು ಬಾಲಗ್ರಂಥದ ಆಕರವಿಚಾರ

ಚರಿತ್ರೆಯ ಆಕರಗಳೆಂದರೆ ಶಾಸನ, ಕಡತ, ನಾಣ್ಯಗಳಷ್ಟೇ ಎಂದು ಎಣಿಸಿರುವ ವಿದ್ಯಾರ್ಥಿಯ ಮುಂದೆ ಮಕ್ಕಳ ಭೂತಕಥೆಗಳ ಪುಸ್ತಕವೊಂದನ್ನು ಇರಿಸಿದರೆ ಅವನಿಗೆ ನಗೆ ಬಂದೀತು. ಆದರೂ ಅಮೆರಿಕದ ಆಲ್ವಿನ್ ಶ್ವಾರ್ಟ್ಸ್ (1927–1992) ಅವರ ‘ಸ್ಕೇರಿ ಸ್ಟೋರೀಸ್ ಟು ಟೆಲ್ ಇನ್ ದ ಡಾರ್ಕ್’ ಎಂಬ ಸಂಕಲನವನ್ನು ನಾವು ಇಲ್ಲಿ ಆಕರವೆಂಬ ದೃಷ್ಟಿಯಿಂದಲೇ ಪರಿಶೀಲಿಸಬಯಸುತ್ತೇವೆ. ಇದರ ಮೊದಲ ಸಂಪುಟವು 1981ರಲ್ಲಿ ಪ್ರಕಟವಾಯಿತು. 1984 ಮತ್ತು 1991ರಲ್ಲಿ ಮತ್ತೆರಡು ಹೊರಬಂದವು. ಕತ್ತಲಲ್ಲಿ ಹೇಳತಕ್ಕ ಭಯದ ಕಥೆಗಳು ಎಂಬುದು ಹೆಸರಿನ ಅರ್ಥ. ಓದತಕ್ಕ ಕಥೆಗಳಲ್ಲ, ಹೇಳತಕ್ಕವು ಎಂಬುದನ್ನು ಗಮನಿಸಬೇಕು.

ಶ್ವಾರ್ಟ್ಸರು ಮೂಲತಃ ಪತ್ರಿಕೋದ್ಯೋಗಿ. ಕಥೆಗಳನ್ನು ಅವರು ಹುಟ್ಟಿಸಿದವರಲ್ಲ, ಕೂಡಿಸಿದವರು. ಜಾನಪದ ವಿದ್ವಾಂಸರ ಸಂಗ್ರಹಗಳಿಂದಲೂ ಜನರ ಬಾಯಿಂದಲೂ ಬಂದ ಕಥೆಗಳನ್ನು ಎಳೆಯರಿಗೆ ಒಗ್ಗುವ ಮಿತವಾದ ಮಾತುಗಳಲ್ಲಿ ಮತ್ತೆ ಬರೆದು, ಯಾವುದು ಎಲ್ಲಿಂದ ಬಂದಿತೆಂಬ ಟಿಪ್ಪಣಿಗಳನ್ನು ಸಂಪುಟದ ಕೊನೆಗೆ ಸೇರಿಸಿದರು. ಮಕ್ಕಳ ಪುಸ್ತಕಕ್ಕೆ ಇಂತಹ ಅನುಬಂಧ ವಿರಳ. ಮಕ್ಕಳು ಅದನ್ನು ಓದುವುದೂ ವಿರಳವೆಂದೇ ತೋರುತ್ತದೆ.

ಮೊದಲ ಸಂಪುಟದ ‘ದ ಬಿಗ್ ಟೋ’ ಎಂಬ ಕಥೆಯನ್ನು ತೆಗೆದುಕೊಳ್ಳೋಣ. ಹಿತ್ತಿಲು ಅಗೆಯುತ್ತಿದ್ದ ಹುಡುಗನೊಬ್ಬನಿಗೆ ಕಾಲಿನ ಹೆಬ್ಬೆರಳು ದೊರೆಯುತ್ತದೆ; ಮನೆಯವರು ಅದನ್ನು ಬೇಯಿಸಿ ಹಂಚಿಕೊಂಡು ತಿನ್ನುತ್ತಾರೆ; ರಾತ್ರಿ ಅದರ ಒಡೆಯನು ಬೆರಳನ್ನು ಕೇಳುತ್ತ ಹೆಜ್ಜೆಹೆಜ್ಜೆಯಾಗಿ ಮಂಚದೆಡೆಗೆ ಬರುತ್ತಾನೆ. ಕೊನೆಯಲ್ಲಿ ಕಥೆ ಹೇಳುವವನು ಕೇಳುವವನ ಮೇಲೆ ತಟ್ಟನೆ ಎರಗಬೇಕು. ಇದೇ ಬಳಗಕ್ಕೆ ಸೇರಿದ ‘ದ ಗೋಲ್ಡನ್ ಆರ್ಮ್’ ಕಥೆಯನ್ನು ಜೋಸೆಫ್ ಜೇಕಬ್ಸ್ 1890ರಲ್ಲಿ ತಮ್ಮ ಇಂಗ್ಲಿಷ್ ಕಥಾಸಂಗ್ರಹದಲ್ಲಿ ಅಚ್ಚುಮಾಡಿಸಿದ್ದರು. ಮಾರ್ಕ್ ಟ್ವೈನ್ ಅದನ್ನು ಸಭೆಗಳಲ್ಲಿ ಹೇಳುತ್ತಿದ್ದರು. ಕೊನೆಯ ಕೂಗಿಗೆ ಮುನ್ನ ಎಷ್ಟು ಹೊತ್ತು ಮೌನವಾಗಿರಬೇಕೆಂಬುದೇ ಅದರ ಮರ್ಮವೆಂದು 1895ರ ಒಂದು ಪ್ರಬಂಧದಲ್ಲಿ ವಿವರಿಸಿದರು. ಅವರು ಅದನ್ನು ಕೇಳಿದ್ದು ಬಾಲ್ಯದಲ್ಲಿ, ಮಿಸೌರಿಯ ಬಂಧುವೊಬ್ಬರ ಹೊಲಮನೆಯಲ್ಲಿ ಗುಲಾಮನಾಗಿದ್ದ ಡ್ಯಾನಿಯಲ್ ಎಂಬಾತನ ಬಾಯಿಂದ. ಕ್ರಯವಿಕ್ರಯದ ಪತ್ರಗಳಲ್ಲಿ ಬೆಲೆಯಾಗಿ ಮಾತ್ರ ಕಾಣಿಸುವ ಜನರ ಧ್ವನಿಯನ್ನು ಇಂತಹ ಕಥೆಯ ಜಾಡಿನಲ್ಲಿ ಕೇಳಬಹುದಾಗಿದೆ.

‘ದ ಹುಕ್’ ಬೇರೊಂದು ಕಾಲದ್ದು. ನಿಲ್ಲಿಸಿದ ಮೋಟಾರು ಕಾರಿನಲ್ಲಿ ತರುಣ ತರುಣಿಯರು ಕುಳಿತಿರುತ್ತಾರೆ. ಕೈಯಿದ್ದೆಡೆ ಕೊಕ್ಕೆಯುಳ್ಳ ಕೊಲೆಗಾರನೊಬ್ಬನು ಸೆರೆಮನೆಯಿಂದ ಪಾರಾದನೆಂದು ರೇಡಿಯೋ ಸಾರುತ್ತದೆ. ಅವರು ಮನೆ ಸೇರಿದಾಗ ಕಾರಿನ ಬಾಗಿಲಿನ ಹಿಡಿಯಲ್ಲಿ ಕೊಕ್ಕೆ ತೂಗಾಡುತ್ತಿರುತ್ತದೆ. 1950ರ ದಶಕದಲ್ಲಿ ಅಲ್ಲಿನ ವಿದ್ಯಾರ್ಥಿಗಳಲ್ಲಿ ಹಬ್ಬಿದ್ದ ಈ ಕಥೆ 1960ರಲ್ಲಿ ಪತ್ರಿಕೆಯ ಅಂಕಣವೊಂದರಲ್ಲಿಯೂ ಅಚ್ಚಾಯಿತು. ಮಕ್ಕಳು ಹಿರಿಯರ ಕಣ್ಣಳತೆಯನ್ನು ಮೀರಿ ಹೋಗುವಂತೆ ಮಾಡಿದ ಕಾರು, ಆ ಕಾರಿನೊಳಗೂ ಬಿಡದೆ ಎಚ್ಚರಿಸುವ ರೇಡಿಯೋ: ಯುದ್ಧೋತ್ತರ ಅಮೆರಿಕದ ಗೃಹಜೀವನದ ಆತಂಕವು ಇಲ್ಲಿ ಸೊಗಸಾಗಿ ಮೂಡಿದೆಯೆಂದು ನಮ್ಮ ಅಭಿಪ್ರಾಯ.

ಈ ಸಂಪುಟಗಳನ್ನು ಶಾಲೆಗಳ ಗ್ರಂಥಾಲಯಗಳಿಂದ ತೆಗೆದುಹಾಕಬೇಕೆಂದು ಅನೇಕ ತಂದೆತಾಯಿಗಳು ಒತ್ತಾಯಪಡಿಸಿದರು. 1990ರಿಂದ 1999ರವರೆಗಿನ ಆಕ್ಷೇಪಿತ ಗ್ರಂಥಗಳನ್ನು ಕುರಿತು ಅಮೆರಿಕದ ಗ್ರಂಥಾಲಯ ಸಂಘವು ಸಿದ್ಧಪಡಿಸಿದ ಪಟ್ಟಿಯಲ್ಲಿ ಇವುಗಳದೇ ಪ್ರಥಮ ಸ್ಥಾನ. ಮುಂದಿನ ದಶಕದಲ್ಲಿ ಏಳನೆಯದು. ಮಕ್ಕಳಿಗೆ ಹೊಸದಾಗಿ ಭಯವನ್ನು ಕಲಿಸಲಾಗುತ್ತಿದೆ ಎಂಬ ದೂರಿಗೆ ಕೊನೆಯ ಟಿಪ್ಪಣಿಗಳೇ ಉತ್ತರ. ಆ ಭಯವು ಅಜ್ಜಂದಿರ ಕಾಲದಿಂದ ಬಂದ ಸೊತ್ತು. ಆದರೆ ಆಕ್ಷೇಪವನ್ನು ಪೂರ್ಣವಾಗಿ ತಳ್ಳಿಹಾಕುವುದೂ ನ್ಯಾಯವಲ್ಲ. ಕಥೆಗಳು ಹಳೆಯವಾದರೂ ಸ್ಟೀಫನ್ ಗ್ಯಾಮೆಲ್ ಬರೆದ ಚಿತ್ರಗಳು ಹೊಸವು. ಮಸಿಯು ಕರಗಿ ಇಳಿದಂತಿರುವ ಆ ಮುಖಗಳಿಗೆ ಯಾವ ಅಜ್ಜಿಯೂ ಹೊಣೆಯಲ್ಲ. ಬಾಯಿಂದ ಕೇಳಿದ ಮಗು ತನಗೆ ತಾಳುವಷ್ಟು ಭೂತವನ್ನು ತಾನೇ ಕಲ್ಪಿಸಿಕೊಳ್ಳುತ್ತದೆ. ಚಿತ್ರವಾದರೋ ಆ ಸ್ವಾತಂತ್ರ್ಯವನ್ನು ಕೊಡುವುದಿಲ್ಲ.

2011ರಲ್ಲಿ ಪ್ರಕಾಶಕರು ಬ್ರೆಟ್ ಹೆಲ್‌ಕ್ವಿಸ್ಟ್ ಅವರ ಸೌಮ್ಯವಾದ ಚಿತ್ರಗಳೊಡನೆ ಗ್ರಂಥವನ್ನು ಮರುಮುದ್ರಿಸಿದರು. ಚಿಕ್ಕಂದಿನಲ್ಲಿ ಇದನ್ನು ಓದಿ ಬೆಳೆದವರೇ ಅದಕ್ಕೆ ಅಸಮಾಧಾನ ವ್ಯಕ್ತಪಡಿಸಿದರು. ಕೆಲವು ವರ್ಷಗಳಲ್ಲಿ ಗ್ಯಾಮೆಲರ ಚಿತ್ರಗಳು ಮರಳಿ ಬಂದವು. ಆದುದರಿಂದ ಈ ಗ್ರಂಥವನ್ನು ಅಭ್ಯಾಸಕ್ಕೆ ತೆಗೆದುಕೊಳ್ಳುವವರು ತಮ್ಮ ಕೈಯಲ್ಲಿರುವುದು ಯಾವ ವರ್ಷದ ಮುದ್ರಣವೆಂಬುದನ್ನು ಮೊದಲು ನೋಡಿಕೊಳ್ಳಬೇಕು.