ಒದ್ದೆ ಹುಲ್ಲಿಗೆ ಬೆಂಕಿ ಹತ್ತುವುದು ಹೇಗೆ?

ಹುಲ್ಲು ಸರಿಯಾಗಿ ಒಣಗದೆ ಮೆದೆ ಹಾಕಿದರೆ ಒಳಗೇ ಬೆಂಕಿ ಹತ್ತುತ್ತದೆ ಎಂದು ನಮ್ಮೂರಿನಲ್ಲಿ ಹೇಳುತ್ತಿದ್ದರು. ಒದ್ದೆಯಾದದ್ದು ಉರಿಯುವುದೆಂತು?
– ಓದುಗರು, ಮಾಂಟ್ ಕಿಯಾರಾ, ಮಲೇಷ್ಯಾ

ಊರವರ ಮಾತು ನಿಜ. ಕೊಯ್ದ ಹುಲ್ಲು ಕೂಡಲೇ ಸಾಯುವುದಿಲ್ಲ, ಉಸಿರಾಡುತ್ತಲೇ ಇರುತ್ತದೆ. ತೇವ ಶೇ 20 ಮೀರಿದ್ದರೆ ಬೂಷ್ಟು, ಬ್ಯಾಕ್ಟೀರಿಯಾಗಳೂ ಸೇರಿಕೊಂಡು ಅದರ ಸಕ್ಕರೆ ತಿಂದು ಶಾಖ ಬಿಡುತ್ತವೆ. ಹರಡಿದ ಹುಲ್ಲಿನಲ್ಲಾದರೆ ಅದು ಗಾಳಿಗೆ ಆರಿಹೋಗುತ್ತದೆ. ಮೆದೆಯಲ್ಲೋ ಯಂತ್ರ ಬಿಗಿದ ಪೆಂಡಿಯಲ್ಲೋ, ಕಂಬಳಿ ಹೊದ್ದವರ ಮೈಬಿಸಿಯಂತೆ, ಒಳಗೇ ಉಳಿಯುತ್ತದೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಜೀವಿಗಳೇ ಸಾಯುತ್ತವೆ. ಅಷ್ಟರಲ್ಲಿ ಹುಲ್ಲೇ ಆಮ್ಲಜನಕದೊಂದಿಗೆ ವರ್ತಿಸಿ ಇನ್ನಷ್ಟು ಕಾಯತೊಡಗಿರುತ್ತದೆ. ನಡುಭಾಗ ಕರಿಕಾಗಿ, ಗಾಳಿ ಸಿಕ್ಕ ಕೂಡಲೇ ಭಗ್ಗೆನ್ನುತ್ತದೆ. ಹೊಗೆಯಾಡುವ ಮೆದೆಯನ್ನು ಕೆದಕಬಾರದು ಎನ್ನುವುದು ಇದಕ್ಕೇ.

ಬೆಂಕಿಯವರೆಗೆ ಹೋಗದೆ ಬರೀ ಕಂದಾದ ಹುಲ್ಲಿಗೆ ಸುಟ್ಟ ಸಕ್ಕರೆಯ ವಾಸನೆ. ದನಗಳು ಆಸೆಯಿಂದ ಮೇಯುತ್ತವೆ, ಪಾಪ, ಅದರ ಪ್ರೋಟೀನು ಮಾತ್ರ ಸರಿಯಾಗಿ ಅರಗದು. ನೀವಿರುವ ಮಲೇಷ್ಯಾದಲ್ಲಿ ವರ್ಷವಿಡೀ ಮಳೆ, ಹುಲ್ಲು ಒಣಗಿಸುವುದೇ ಕಷ್ಟ; ಹಸಿ ನೇಪಿಯರ್ ಹುಲ್ಲು, ತಾಳೆಬೀಜದ ಹಿಂಡಿಯನ್ನೇ ಹೆಚ್ಚಾಗಿ ತಿನ್ನಿಸುತ್ತಾರೆ.

ಊರಿನಲ್ಲಿ ಅನುಮಾನ ಬಂದರೆ ಮೆದೆಯೊಳಗೆ ಕಬ್ಬಿಣದ ಹಾರೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು ನೋಡಬಹುದು. ಮುಟ್ಟಲಾಗದಷ್ಟು ಬಿಸಿಯಿದ್ದರೆ ಮೆದೆ ಬಿಚ್ಚುವ ಮೊದಲು ನೀರು ಸಿದ್ಧವಿರಲಿ.